ಖಾಲಿ ಜಾಗವೆಂದು ನೀವು ಬಹುಮಾನ ಕೊಟ್ಟ ನಮ್ಮ ಮೀನಿನ ಕಣ

ಮುಂಬೈ ಮಹಾನಗರ ಪ್ರದೇಶದ ಊರೂರಿನ ಪಾಲಿಕೆ, ನಗರಸಭೆಗಳ ಅಧಿಕಾರಿಗಳಿಗೆ ನಾಯಕತ್ವ ಕಲಿಸುವ ಮಾನ್ಯ ನಿರ್ದೇಶಕರೇ,

ನೀವು ಕಲಿಸಿ ಕಳಿಸಿದ ನಾಯಕರು ನಮ್ಮ ಮೀನು ಒಣಗಿಸುವ ಕಣಕ್ಕೆ ಬೇಲಿ ಹಾಕಿದ್ದಾರೆ. ದಸರೆಯ ಹೊತ್ತಿಗೆ ಬಿಸಿಲು ಬೀಳುತ್ತದೆ. ಆಗ ಬೊಂಬಿಲ್ ಮೀನು ನೇತುಹಾಕಲು ನಮ್ಮ ಕೋಲಿವಾಡದ, ಅಂದರೆ ಮೀನುಗಾರರ ಕೇರಿಯ, ಹೆಂಗಸರಿಗೆ ಬೇರೆ ಜಾಗವಿಲ್ಲ. ವಿಷಯ ಇಷ್ಟೇ. ಮೊದಲು ಕ್ಷೇಮ ವಿಚಾರಿಸಿ ಆಮೇಲೆ ವಿಷಯಕ್ಕೆ ಬರುವ ಅಭ್ಯಾಸ ನನಗಿಲ್ಲ. ಮೀನು ಮಾರುವವಳು ಅಷ್ಟು ಹೊತ್ತು ಸುತ್ತಿ ಬಳಸಿ ಮಾತಾಡಿದರೆ ಬುಟ್ಟಿಯಲ್ಲಿದ್ದದ್ದು ಕೆಟ್ಟುಹೋಗುತ್ತದೆ.

ನಾನು ಓದಿದ್ದು ಹತ್ತನೆಯ ತರಗತಿಯವರೆಗೆ. ನಮ್ಮ ಕೇರಿಯಲ್ಲಿ ನನ್ನ ವಯಸ್ಸಿನವರಲ್ಲಿ ಅಷ್ಟು ಓದಿದವಳು ನಾನೊಬ್ಬಳೇ. ಹಾಗಾಗಿ ಈ ಪತ್ರವನ್ನು ಬೇರೆಯವರು ಬರೆದುಕೊಟ್ಟರೆಂದು ನಿಮ್ಮ ಕಚೇರಿಯಲ್ಲಿ ಯಾರೂ ಹೇಳಬಾರದು. ಮೂವರು ಮಕ್ಕಳು, ಸೊಸೆಯರು, ಎರಡು ದೋಣಿ, ಪೇಟೆಯಲ್ಲಿ ಒಂದು ಕಟ್ಟೆ, ಎಲ್ಲವೂ ನನ್ನ ಮಾತಿನ ಮೇಲೆ ನಡೆಯುತ್ತವೆ. ಅದಕ್ಕೆ ನಾನು ಯಾವ ತರಬೇತಿಗೂ ಹೋಗಿರಲಿಲ್ಲ. ಹೋಗಬೇಕಿತ್ತೇನೋ ಎಂದು ಆಷಾಢದಲ್ಲಿ ನಿಮ್ಮ ತಂಡವನ್ನು ನೋಡಿದಾಗ ಒಂದು ಕ್ಷಣ ಅನ್ನಿಸಿದ್ದೂ ನಿಜ.

ಆಷಾಢ ಎಂದೆನಲ್ಲ, ಅದನ್ನು ಸ್ವಲ್ಪ ಗಮನಿಸಿ. ಆಗ ನಮ್ಮ ದೋಣಿಗಳು ದಡ ಹತ್ತಿ ತಾಡಪಾಲು ಹೊದ್ದು ಮಲಗಿರುತ್ತವೆ. ನಾರಳಿ ಪೂರ್ಣಿಮೆಯಂದು ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸುವವರೆಗೆ ಯಾರೂ ಬಲೆ ಬೀಸುವುದಿಲ್ಲ. ಮಳೆಗೆ ಕೊಳೆಯಬಾರದೆಂದು ಕಣದ ಬಿದಿರುಗಳನ್ನು ಕಿತ್ತು, ಹಗ್ಗ ಸುತ್ತಿ, ಕೊಟ್ಟಿಗೆಯಲ್ಲಿ ಇಡುತ್ತೇವೆ. ಕಣದಲ್ಲಿ ಹುಲ್ಲು ಬೆಳೆಯುತ್ತದೆ. ನಿಮ್ಮವರು ಬಂದದ್ದು ಅದೇ ತಿಂಗಳಲ್ಲಿ. ಬೇರೆ ಬೇರೆ ಊರಿನ ಅಧಿಕಾರಿಗಳು, ಎಲ್ಲರ ಮೈಮೇಲೂ ಒಂದೇ ಬಣ್ಣದ ಅಂಗಿ. ಬಸ್ಸಿಳಿದವರೇ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಸಾಲಾಗಿ ನಿಂತರು. ಅವರಲ್ಲೊಬ್ಬ ಕಣ್ಣಿನ ಬಟ್ಟೆ ಸರಿಸಿ ನಮ್ಮ ಕೊಟ್ಟಿಗೆಗೆ ಬಂದು ಹಗ್ಗ ಕೇಳಿದ. ಕೊಟ್ಟೆ. ಮನೆ ಬಾಗಿಲಿಗೆ ಬಂದು ಕೇಳಿದವರಿಗೆ ಇಲ್ಲ ಎನ್ನುವುದು ನಮ್ಮಲ್ಲಿಲ್ಲ.

ಆ ಹಗ್ಗ ಹಿಡಿದು ಅವರು ಕಣದ ತುಂಬ ತಡವರಿಸುತ್ತ ನಡೆದಾಡತೊಡಗಿದರು. ಪಕ್ಕದ ಮನೆಯ ಗುಣಾಬಾಯಿ ಸೊಂಟಕ್ಕೆ ಕೈಕೊಟ್ಟು ಕೂಗಿದಳು:

"ಏನ್ರಪ್ಪಾ ಇದು, ಈ ವಯಸ್ನಲ್ಲಿ ಕಣ್ಣಾಮುಚ್ಚಾಲೆ?"

"ನಂಬಿಕೆ ಬೆಳೆಸೋ ಆಟ, ಮೌಶಿ," ಎಂದ ಒಬ್ಬ.

"ಕಣ್ಣು ಕಟ್ಕೊಂಡ್ರೆ ನಂಬಿಕೆ ಬೆಳಿಯುತ್ತಾ? ನನ್ನ ಗಂಡನ್ನ ಕಟ್ಕೊಂಡಾಗ್ಲೂ ನಮ್ಮಪ್ಪ ಹಿಂಗೇ ಹೇಳಿದ್ದ!"

ನಾವೆಲ್ಲ ನಕ್ಕೆವು. ಅವರೂ ನಕ್ಕರು. ಅಷ್ಟರಲ್ಲಿ ತಂಡದ ಮುಂದಾಳು, ಕನ್ನಡಕ ಹಣೆಗೇರಿಸಿಕೊಂಡಿದ್ದ ಹೆಂಗಸು, ಅಂಗೈ ಮೂಸಿ ಮುಖ ಸಿಂಡರಿಸಿದಳು.

"ಅಯ್ಯೋ, ಈ ಹಗ್ಗ ಯಾಕಿಷ್ಟು ನಾರುತ್ತೆ?"

"ಬೊಂಬಿಲ್ ನೇತುಹಾಕೋ ಹಗ್ಗ ತಾಯಿ, ಮಲ್ಲಿಗೆ ವಾಸನೆ ಬರುತ್ತಾ?" ಎಂದೆ.

"ಎಲ್ಲಿ ನೇತುಹಾಕ್ತೀರಿ?"

"ನೀವು ನಿಂತಿದೀರಲ್ಲ, ಅಲ್ಲೇ. ದಸರೆ ಕಳೀಲಿ, ಬಂದು ನೋಡಿ. ಇಲ್ಲಿ ಕಾಲಿಡೋಕೆ ಜಾಗ ಇರಲ್ಲ."

ಆಕೆ ತಲೆಯಾಡಿಸಿದಳು. ಮಳೆ ಜೋರಾಯಿತು. ಎಲ್ಲರೂ ಬಸ್ಸು ಹತ್ತಿದರು. ಹಗ್ಗವೂ ಅವರೊಂದಿಗೇ ಹೋಯಿತು.

ನಾರಳಿ ಪೂರ್ಣಿಮೆ ಕಳೆದ ಮೇಲೆ ಸೊಸೆ ರಂಜನಾ ಪತ್ರಿಕೆಯ ಒಂದು ಪುಟ ತಂದು ತೋರಿಸಿದಳು. ನಿಮ್ಮ ತರಬೇತಿಯ ಸಮಾರೋಪದ ಚಿತ್ರ. ಮೊದಲ ಬಹುಮಾನ ಗೆದ್ದ ಯೋಜನೆ: "ಬಳಕೆಯಲ್ಲಿಲ್ಲದ ಕಡಲ ದಂಡೆಯಲ್ಲಿ ವಿಹಾರ ಉದ್ಯಾನ". ವೇದಿಕೆಯ ಮೇಲೆ ಆ ಅಧಿಕಾರಿಗಳೆಲ್ಲ ಒಗ್ಗಟ್ಟಿನ ಗುರುತಾಗಿ ಒಂದು ಹಗ್ಗ ಹಿಡಿದು ನಿಂತಿದ್ದಾರೆ. ಹಗ್ಗ ನನ್ನದು. ನಡುವಿನಲ್ಲಿ ಹರಿದಿದ್ದಕ್ಕೆ ನೀಲಿ ನೂಲಿನಿಂದ ನಾನೇ ಹಾಕಿದ ಗಂಟು ಚಿತ್ರದಲ್ಲಿ ಚೆನ್ನಾಗಿ ಬಂದಿದೆ. ಛಾಯಾಗ್ರಾಹಕನಿಗೆ ನನ್ನ ಅಭಿನಂದನೆ.

ಸ್ವಾಮಿ, ಬಳಕೆಯಲ್ಲಿಲ್ಲ ಎಂದು ಬರೆದವರು ಬಳಸುವವಳ ಬಾಯಿಂದಲೇ ಕೇಳಿಸಿಕೊಂಡು ಹೋಗಿದ್ದರು. ಹಾಗಾದರೆ ಇದನ್ನು ನಾನು ತಪ್ಪು ಎಂದು ಹೇಗೆ ಕರೆಯಲಿ? ಕೆಟ್ಟ ಮೀನು ಬೇರೆ, ಕಿವಿರಿಗೆ ಬಣ್ಣ ಹಚ್ಚಿ ಹೊಸದೆಂದು ಮಾರುವ ಮೀನು ಬೇರೆ. ಎರಡನ್ನೂ ಮೂಸಿದ ಮೂಗು ನನ್ನದು.

ಕಣದ ಸುತ್ತ ಸಿಮೆಂಟ್ ಕಂಬ ಎದ್ದ ಮೇಲೆ ವಿಚಾರಿಸಲು ವಾರ್ಡ್ ಕಚೇರಿಗೆ ಹೋದೆ. ನಮ್ಮ ವಾರ್ಡಿನ ಅಧಿಕಾರಿಯೂ ಆ ತಂಡದಲ್ಲಿದ್ದ. ಅವನ ಹೆಸರು ಬರೆಯುವುದಿಲ್ಲ. ಅವನ ತಾಯಿ ನನ್ನ ಹಳೆಯ ಗಿರಾಕಿ. ಪ್ರತಿ ಚಳಿಗಾಲ ಕಣಕ್ಕೇ ಬಂದು, ಹಗ್ಗದಿಂದ ಇಳಿಸಿದ ಬೊಂಬಿಲ್ ಆರಿಸಿಕೊಂಡು ಹೋಗುತ್ತಾಳೆ. ಆಗ ಅವಳ ಸೆರಗು ಹಿಡಿದು ಬರುತ್ತಿದ್ದ ಹುಡುಗನೇ ಇವನು.

"ಬನ್ನಿ ಮೌಶಿ, ಕೂತ್ಕೊಳ್ಳಿ. ಚಹಾ ತರಿಸ್ತೀನಿ."

"ಚಹಾ ಆಮೇಲೆ. ನಮ್ಮ ಕಣ ಖಾಲಿ ಬಿದ್ದಿದೆ ಅಂತ ಬರೆದೋರು ಯಾರು?"

"ಅದು... ತಂಡ ಬರೆದಿದ್ದು."

"ತಂಡಕ್ಕೆ ತಾಯಿ ಇದಾಳೇನೋ? ಅವಳು ಬೊಂಬಿಲ್ ಎಲ್ಲಿಂದ ತರ್ತಾಳೆ?"

ಅವನು ಕಾಗದ ಸರಿಸತೊಡಗಿದ. "ಮೌಶಿ, ಅದು ಬರೀ ಅಭ್ಯಾಸಕ್ಕೆ ಮಾಡಿದ್ದು. ಕಾಗದದ ಮೇಲಿನ ಯೋಜನೆ."

"ಕಾಗದಕ್ಕೆ ಸಿಮೆಂಟ್ ಕಂಬ ಯಾಕೆ ಬೇಕಾಯ್ತು?"

"ಅದು ಮೇಲಿನವರ ನಿರ್ಧಾರ. ನನ್ನ ಕೈಲಿಲ್ಲ."

"ನಿನ್ನ ಕೈ ಬಿಡು. ಬಾಯಿ ಎಲ್ಲಿತ್ತು?"

ಆಗ ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಒಬ್ಬ ಬೇರೆ ಮಾತಾಡಿದ್ರೆ ಇಡೀ ಗುಂಪಿಗೆ ಅಂಕ ಕಡಿಮೆ, ಮೌಶಿ. ತಂಡ ಒಂದೇ ದನೀಲಿ ಮಾತಾಡ್ಬೇಕು ಅಂತ ನಿಯಮ. ಬಡ್ತಿ ಪಟ್ಟಿಗೂ ಅದನ್ನೇ ನೋಡ್ತಾರೆ."

ನಿರ್ದೇಶಕರೇ, ಬೊಂಬಿಲ್ ಒಣಹಾಕುವ ಕ್ರಮ ನಿಮಗೆ ಗೊತ್ತಿರಲಾರದು. ಒಂದು ಮೀನಿನ ಬಾಯೊಳಗೆ ಇನ್ನೊಂದರ ಬಾಯಿ ಸಿಕ್ಕಿಸಿ, ಜೋಡಿ ಜೋಡಿಯಾಗಿ ಹಗ್ಗಕ್ಕೆ ನೇತುಹಾಕುತ್ತೇವೆ. ಎಂಥ ಗಾಳಿ ಬಂದರೂ ಬೀಳುವುದಿಲ್ಲ. ಯಾವುದೂ ಬಾಯಿ ಬಿಡುವಂತಿಲ್ಲವಲ್ಲ, ಅದಕ್ಕೆ. ನೋಡಲು ಅದೂ ಒಗ್ಗಟ್ಟೇ. ಆದರೆ ನಾವು ಹಾಗೆ ನೇತುಹಾಕುವುದು ಸತ್ತ ಮೀನನ್ನು. ನೀವು ಜೀವಂತ ಅಧಿಕಾರಿಗಳನ್ನು ಯಾಕೆ ನೇತುಹಾಕುತ್ತಿದ್ದೀರಿ? ಗೊತ್ತಿದ್ದದ್ದನ್ನು ಹೇಳದೆ ಇರುವುದಕ್ಕೆ ಅಂಕ ಕೊಡುವ ಶಾಲೆಯನ್ನು ನಾಯಕತ್ವದ ಶಾಲೆ ಎಂದು ಕರೆಯುವುದು ಯಾವ ಊರಿನ ರೂಢಿ?

ಇನ್ನೂ ಒಂದು ಅನುಮಾನವಿದೆ. ಮೀನುಪೇಟೆಯ ಮುಂದಿನ ಚರಂಡಿಯ ಮುಚ್ಚಳಕ್ಕಾಗಿ ನಾವು ಅರ್ಜಿ ಕೊಟ್ಟು ಕೊಟ್ಟು ಸೋತಿದ್ದೇವೆ. ಅದು ನಿಜವಾದ ಕೆಲಸ, ಹಾಗಾಗಿ ಆಗಲಿಲ್ಲ. ಅಭ್ಯಾಸಕ್ಕೆ ಮಾಡಿದ ಯೋಜನೆಗೆ ಮಾತ್ರ ಗಣಪತಿ ಹಬ್ಬಕ್ಕೆ ಮೊದಲೇ ಕಂಬ, ಬೇಲಿ, ಬೀಗ ಎಲ್ಲ ಬಂದವು. ಇಷ್ಟು ಚುರುಕು ಎಲ್ಲಿಂದ ಬಂತು? ಕಣದ ಹಿಂದೆ ಏಳುತ್ತಿರುವ ಎತ್ತರದ ಕಟ್ಟಡದ ಮುಂದೆ ಒಂದು ದೊಡ್ಡ ಜಾಹೀರಾತು ಫಲಕವಿದೆ. ಅದರಲ್ಲಿ ನಮ್ಮ ಕಣ ಹಸಿರು ಉದ್ಯಾನವಾಗಿದೆ. ಬೆಂಚಿನ ಮೇಲೆ ಗಂಡಹೆಂಡತಿ ಕುಳಿತು ಸಮುದ್ರ ನೋಡುತ್ತಿದ್ದಾರೆ. ಆ ಫಲಕ ಎದ್ದದ್ದು ಹೋಳಿಯ ಸಮಯದಲ್ಲಿ. ಆಗ ಅದರ ಕೆಳಗೇ ನಮ್ಮ ಮೀನು ಒಣಗುತ್ತಿತ್ತು. ನಿಮ್ಮ ತಂಡಕ್ಕೆ ಉದ್ಯಾನದ ಆಲೋಚನೆ ಹೊಳೆದದ್ದು ಆಷಾಢದಲ್ಲಿ. ಹೋಳಿ ಮೊದಲೋ ಆಷಾಢ ಮೊದಲೋ? ನಾನು ಯಾರ ಮೇಲೂ ಆರೋಪ ಹೊರಿಸುತ್ತಿಲ್ಲ. ಪಂಚಾಂಗ ನೋಡಿ ಎನ್ನುತ್ತಿದ್ದೇನೆ, ಅಷ್ಟೇ.

ಕೋಲಿವಾಡದ ಸಮಿತಿಯ ಗಂಡಸರು "ಪರ್ಯಾಯ ಜಾಗ ಕೊಡ್ತಾರಂತೆ, ಕಾಯೋಣ" ಎನ್ನುತ್ತಾರೆ. ಗಂಡಸರು ಹಿಡಿದು ತರುತ್ತಾರೆ, ಒಣಗಿಸುವವರು ನಾವು. ಮಳೆಗಾಲದಲ್ಲಿ ಒಲೆ ಉರಿಯುವುದು ಈ ಒಣಮೀನಿನಿಂದ. ಕಳೆದ ವರ್ಷದಿಂದ ಗಂಡನಿಲ್ಲದ ಗುಣಾಬಾಯಿಗೆ ದೋಣಿಯಿಲ್ಲ, ಪೇಟೆಯಲ್ಲಿ ಕಟ್ಟೆಯಿಲ್ಲ. ಕಣದ ಮೂಲೆಯೊಂದೇ ಅವಳ ಆಸ್ತಿ. ಅವತ್ತು ನಗಿಸಿದವಳು ಈಗ ಬೇಲಿಯ ಹೊರಗೆ ನಿಂತು ಹುಲ್ಲು ನೋಡುತ್ತಾಳೆ. ನಗುವುದಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ. ವಿನಂತಿ ಎಂದು ಬೇಕಾದರೆ ಬರೆದುಕೊಳ್ಳಿ. ದಸರೆಗೆ ಮೊದಲು ಬೇಲಿಯ ಬೀಗ ತೆಗೆಸಿ. ಆ ಯೋಜನೆಗೆ ಕೊಟ್ಟ ಬಹುಮಾನವನ್ನು ಎಲ್ಲರಿಗೂ ತಿಳಿಯುವಂತೆ ಹಿಂತೆಗೆದುಕೊಳ್ಳಿ. ನನ್ನ ಹಗ್ಗವನ್ನು ನಮ್ಮ ವಾರ್ಡಿನ ಅಧಿಕಾರಿಯ ಕೈಯಲ್ಲೇ ಕಳಿಸಿ, ಒಬ್ಬನನ್ನೇ ಕಳಿಸಿ. ಅವನು ಕಣದ ನಡುವೆ ನಿಂತು, ಇಲ್ಲಿ ಏನು ಒಣಗುತ್ತದೆಂದು ತನಗೆ ಗೊತ್ತಿತ್ತು ಎಂಬ ಒಂದು ಮಾತನ್ನು ಸ್ವಂತ ದನಿಯಲ್ಲಿ ಹೇಳಲಿ. ಅವನ ತಾಯಿಯನ್ನೂ ಕರೆಯುತ್ತೇನೆ, ಅವಳ ಪಾಲಿನ ಬೊಂಬಿಲ್ ಎತ್ತಿಡುತ್ತೇನೆ. ದಸರೆಯ ಮಾರನೆಯ ದಿನ ಬಿದಿರು ಹೊತ್ತು ನಾವು ಬರುವವರೇ. ಬೀಗ ತೆರೆದಿದ್ದರೆ ಬಾಗಿಲಿನಿಂದ ಬರುತ್ತೇವೆ. ತೆರೆಯದಿದ್ದರೆ ನಿಮ್ಮ ಬೇಲಿಯ ತಂತಿಯೂ ಮೀನು ನೇತುಹಾಕಲು ಸಾಕಷ್ಟು ಗಟ್ಟಿಯಾಗಿದೆ, ಎಳೆದು ನೋಡಿದ್ದೇನೆ.

ಇಂತಿ,
ಮದುವೆಯಾಗಿ ಬಂದ ದಿನದಿಂದ ಬಳಕೆಯಲ್ಲಿಲ್ಲದ ಜಾಗದಲ್ಲಿ ಬೆನ್ನು ಬಾಗಿಸಿ ದುಡಿಯುತ್ತಿರುವವಳು,
ಹೌಸಾಬಾಯಿ ವೈತಿ