ಅಮ್ಮ ಮುಟ್ಟದ ಮೀನು

ತಂಗಚ್ಚಿಮಡಂ
ಆಗಸ್ಟ್ 8, ಶುಕ್ರವಾರ

ನನ್ನ ಕಂದ ಸೂಸೈಗೆ, ನಿನ್ನ ಅಮ್ಮ ಮಿಕ್ಕೇಲಮ್ಮಾಳ್ ಮುತ್ತಿಟ್ಟು ಬರೆಯುವುದು.

ಅಂಗೈಯಲ್ಲಿ ಹಗ್ಗ ಕೊಯ್ದ ಗಾಯ ಮಾಗಿತೇ? ಸಮುದ್ರದ ನೀರು ತಾಗಿದರೆ ತಾನೇ ಒಣಗುತ್ತದೆ ಎನ್ನುತ್ತಿದ್ದೆ ನೀನು, ಆ ಸೆರೆಮನೆಯೊಳಗೆ ಸಮುದ್ರ ಎಲ್ಲಿಂದ ತರುತ್ತೀಯೋ. ಬರಿ ಸಿಮೆಂಟಿನ ಮೇಲೆ ಮಲಗಬೇಡ, ಲುಂಗಿಯನ್ನಾದರೂ ಹಾಸಿಕೋ. ನಿನ್ನ ಜೊತೆ ಸಿಕ್ಕಿಬಿದ್ದವರಿಗೆ ಅವರವರ ಮನೆಯಲ್ಲಿ ಎಲ್ಲರೂ ಸೌಖ್ಯ ಎಂದು ಹೇಳು. ದೋಣಿ ಸಂಘದ ವಕೀಲರು ನಾಳೆ ಜಾಫ್ನಾಕ್ಕೆ ಹೊರಡುತ್ತಾರೆ. ನಿಮ್ಮನ್ನು ನೋಡಲು ಬರುವ ಪಾದ್ರಿಗಳ ಕೈಗೆ ಈ ಕಾಗದ ಕೊಡುತ್ತಾರಂತೆ. ಉತ್ತರವನ್ನೂ ಅವರೇ ತರುತ್ತಾರೆ.

ಮನೆಯ ಸುದ್ದಿ ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಕಂಬಿಯ ಹಿಂದೆ ಕೂತವನಿಗೆ ಇನ್ನೊಂದು ಭಾರ ಯಾಕೆ ಅನ್ನಿಸಿತು. ಆದರೆ ನಿನ್ನೆಯ ದಿನ ಚೆನ್ನಾಗಿ ಮುಗಿದಿರುವುದರಿಂದ ಬರೆಯುತ್ತಿದ್ದೇನೆ. ಮೀನು ಹಿಡಿಯುತ್ತ ಕಡಲ ಗಡಿ ದಾಟಿದಿರೆಂದು ಆಚೆ ದೇಶದ ನೌಕಾಪಡೆಯವರು ನಿಮ್ಮನ್ನು ಹಿಡಿದುಕೊಂಡು ಹೋದರು ಎಂಬ ಸುದ್ದಿ ಬಂದಾಗ ಜೆಸಿಂತಾ ಅಳಲಿಲ್ಲ. ನೇರ ಹೋಗಿ ಮನೆಯಲ್ಲಿರುವ ಸಂತ ಅಂತೋಣಿಯಾರ್ ಪ್ರತಿಮೆಯ ಮುಂದೆ ಮಂಡಿಯೂರಿದಳು. ನೀನು ಹೊಸ್ತಿಲು ತುಳಿಯುವ ತನಕ ಮೀನು ಮುಟ್ಟುವುದಿಲ್ಲ, ದಿನಕ್ಕೊಂದು ಹೊತ್ತು ಗಂಜಿ ಸಾಕು ಎಂದು ಹರಕೆ ಹೊತ್ತಳು. ನಿನ್ನ ಹೆಂಡತಿ ಹಟಮಾರಿ ಎಂದು ನಿನಗೆ ಹೊಸದಾಗಿ ಹೇಳಬೇಕೇ. ಕೇರಿಯ ಹೆಂಗಸರೆಲ್ಲ ಹೊಗಳಿದರು. ನಾನೂ ಒಳಗೊಳಗೇ ಹೆಮ್ಮೆಪಟ್ಟೆ.

ಆಮೇಲೆ ಪ್ರಿನ್ಸಿ ಶುರುಮಾಡಿದಳು. ನೀನು ಬಂಗುಡೆಯ ಮುಳ್ಳು ಬಿಡಿಸಿ ಕೊಡುವಷ್ಟು ಹೊತ್ತೂ ತಾಳದೆ ನಿನ್ನ ಕೈಗೇ ಬಾಯಿ ಹಾಕುತ್ತಿದ್ದ ಹುಡುಗಿ, ಒಂದು ದಿನ ಮೀನನ್ನು ತಟ್ಟೆಯಂಚಿಗೆ ತಳ್ಳಿ, "ಅಮ್ಮಂಗೆ ಬೇಡ್ವಂತೆ. ನಂಗೂ ಬೇಡ" ಅಂದಳು. ಪಕ್ಕದ ಮನೆಯ ಲೂರ್ದಮ್ಮಾಳ್ ನಕ್ಕು, "ನೋಡ್ರೇ, ಅಪ್ಪನಿಗೋಸ್ಕರ ಈ ಚೋಟುದ್ದದ್ದೂ ಹರಕೆ ಹೊತ್ಕೊಂಡಿದೆ!" ಅಂದಳು. ಕೂಸಿಗೆ ಹರಕೆ ಏನು ತಿಳಿಯುತ್ತದೆ ಸೂಸೈ? ಅಮ್ಮ ತಿಂದದ್ದು ಊಟ, ಅಮ್ಮ ತಿನ್ನದ್ದು ಊಟವಲ್ಲ, ಅವಳಿಗೆ ಗೊತ್ತಿರುವುದು ಅಷ್ಟೇ. ಮೀನು ಹೋಯಿತು, ಮೊಟ್ಟೆ ಹೋಯಿತು, ಕಡೆಗೆ ಬೇಳೆಯೂ ಹೋಯಿತು. ಜೆಸಿಂತಾ ಗಂಜಿಯ ಬಟ್ಟಲನ್ನು ಅರ್ಧಕ್ಕೇ ಸರಿಸಿ ಸೆರಗಿನಲ್ಲಿ ಬಾಯಿ ಒರೆಸಿಕೊಂಡರೆ, ಇವಳೂ ಅರ್ಧಕ್ಕೇ ಸರಿಸಿ ಫ್ರಾಕಿನ ಅಂಚಿನಲ್ಲಿ ಒರೆಸಿಕೊಳ್ಳುತ್ತಿದ್ದಳು. ನಾನು ಒಣಮೀನು ಹುರಿದು ಪುಡಿಮಾಡಿ ಅನ್ನದುಂಡೆಯೊಳಗೆ ಬಚ್ಚಿಟ್ಟೆ. "ಅಜ್ಜಿ ಸುಳ್ಳಿ, ಇದ್ರೊಳಗೆ ಮೀನೈತೆ" ಎಂದು ಉಗುಳಿಬಿಟ್ಟಳು. ನಿನ್ನ ಮಗಳ ಮೂಗು, ನಿನ್ನದೇ.

ಮೊನ್ನೆ ಬುಧವಾರ ಅಂಗನವಾಡಿಯ ಮೆಟ್ಟಿಲ ಮೇಲೆ ಕುಸಿದುಬಿದ್ದಳು. ಹೆದರಬೇಡ, ಮುಂದೆ ಓದು. ಆಸ್ಪತ್ರೆಗೆ ಎತ್ತಿಕೊಂಡು ಓಡಿದೆವು. ಡಾಕ್ಟರಮ್ಮ ಮಗುವಿನ ಕಣ್ಣರೆಪ್ಪೆ ಕೆಳಗೆಳೆದು ನೋಡಿದವಳು, ಆಮೇಲೆ ಜೆಸಿಂತಾಳ ಕಣ್ಣನ್ನೂ ಹಾಗೇ ನೋಡಿದಳು. ಇಬ್ಬರದೂ ಬಿಳಚಿ ಸುಣ್ಣ. "ಟಾನಿಕ್ ಬರ್ಕೊಡ್ತೀನಿ. ಆದ್ರೆ ಮಗು ಉಣ್ಣೋದು ನಿನ್ನ ಬಾಯಿ ನೋಡ್ಕೊಂಡು ತಾಯಿ. ಮೊದ್ಲು ನೀನು ಉಣ್ಣು" ಅಂದಳು.

ಬಸ್ಸಿನಲ್ಲಿ ನನಗೂ ಅವಳಿಗೂ ಮಾತಿಗೆ ಮಾತು ಬೆಳೆಯಿತು. "ನಮ್ಮ ಚರ್ಚಿನ ಫಾದರ್ ಹೇಳಿದ್ರಲ್ಲೇ, ಹರಕೆನ ಬೇರೆ ದಾನಕ್ಕೆ ಬದಲಾಯಿಸ್ಬೋದು ಅಂತ" ಅಂದೆ. "ನಾನು ಹರಕೆ ಹೊತ್ತಿದ್ದು ಫಾದರ್ ಹತ್ರ ಅಲ್ಲ ಅತ್ತೆ" ಅಂದಳು. "ಈ ಕೂಸು ಹೋದ್ರೆ ಅವನು ಬಂದು ಯಾರ ಮುಖ ನೋಡ್ತಾನೆ?" ಅಂದೆ. ಬಸ್ಸಿನವರೆಲ್ಲ ತಿರುಗಿದರು. ಅವಳು ಮಗುವಿನ ಕಿವಿ ಮುಚ್ಚಿ, ಹಲ್ಲು ಕಚ್ಚಿ ಕೇಳಿದಳು: "ನಾನು ತಿಂದು, ಅಲ್ಲಿ ಅವರಿಗೇನಾದ್ರೂ ಆದ್ರೆ ನೀವು ಹೊಣೆ ಹೊರ್ತೀರಾ?" ಹೊತ್ತು ಹೆತ್ತವಳಲ್ಲವೇ ನಾನು, ಆ ಭಯ ನನಗಿಲ್ಲವೇ? ಕಡಲ ಸೇತುವೆಯ ಮೇಲೆ ಬಸ್ಸು ಹೋಗುವಾಗ ಇಬ್ಬರೂ ನೀನಿರುವ ದಿಕ್ಕಿಗೇ ನೋಡುತ್ತ ಕೂತೆವು.

ನಿನ್ನೆ ಗುರುವಾರ ಬಂಗುಡೆ ತಂದು ಹುಣಸೆಹುಳಿ ಕುದಿಸಿದೆ. ತಾಯಿಗೊಂದು ತಟ್ಟೆ, ಮಗಳಿಗೊಂದು ತಟ್ಟೆ ಬಡಿಸಿ ಗೋಡೆಗೊರಗಿ ಕೂತೆ. ಜೆಸಿಂತಾ ಮುಳ್ಳು ಬಿಡಿಸಿ ತುತ್ತು ಹಿಡಿದಳು. ಪ್ರಿನ್ಸಿ ತುಟಿ ಬಿಗಿದುಕೊಂಡು ತುತ್ತನ್ನು ನೋಡಲೇ ಇಲ್ಲ, ಅಮ್ಮನ ಬಾಯನ್ನೇ ನೋಡಿದಳು. ಜೆಸಿಂತಾ ಪ್ರತಿಮೆಯ ಕಡೆ ಒಮ್ಮೆ ತಿರುಗಿದಳು. ಆಮೇಲೆ ಆ ತುತ್ತನ್ನು ತನ್ನ ಬಾಯಿಗೇ ಇಟ್ಟುಕೊಂಡಳು. ಅಗಿದಳು, ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಆದರೂ ಅಗಿದಳು. "ಚೆನ್ನಾಗೈತಾ ಅಮ್ಮ?" ಎಂದು ಕೇಳಿತು ಮಗು. "ಚೆನ್ನಾಗೈತೆ ಚಿನ್ನಾ" ಅಂದಳು. ಆಗ ಬಾಯಿ ತೆರೆಯಿತು ನೋಡು! ತಲೆಯ ಭಾಗವನ್ನೂ ಬಿಡದೆ ಚೀಪಿ ತಿಂದಳು ನಿನ್ನ ಮಗಳು.

ಹಾಗಾಗಿ ಇಲ್ಲಿ ಈಗ ಎಲ್ಲ ನೆಟ್ಟಗಾಗುತ್ತಿದೆ. ನೀನು ಧೈರ್ಯವಾಗಿರು, ಕೊಟ್ಟದ್ದನ್ನು ಬೇಡವೆನ್ನದೆ ಉಣ್ಣು. ನಿನ್ನ ಹಣೆಯ ಮೇಲೆ ನನ್ನ ಕೈಯಿಂದ ಶಿಲುಬೆಯ ಗುರುತು ಹಾಕಿದೆ ಎಂದುಕೋ. ಕಡಲ ತಾಯಿ ಮರಿಯಮ್ಮ ನಿನ್ನನ್ನು ಕಾಯಲಿ.

ನಿನ್ನ ಅಮ್ಮ,
ಮಿಕ್ಕೇಲಮ್ಮಾಳ್

ಶನಿವಾರ ಬೆಳಿಗ್ಗೆ. ವಕೀಲರ ಕಡೆಯವನು ಬಾಗಿಲಲ್ಲೇ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ನಿಮ್ಮನ್ನು ಬಿಡುವುದಿಲ್ಲ, ಕೋರ್ಟಿನಲ್ಲಿ ಸೆರೆಯ ಅವಧಿಯನ್ನು ಇನ್ನೂ ಮುಂದುವರಿಸಿದ್ದಾರೆ ಎಂದು ನಿನ್ನೆ ಸಂಜೆ ಸುದ್ದಿ ಬಂತು. ತಾನು ಮೀನು ತಿಂದದ್ದಕ್ಕೇ ಹೀಗಾಯಿತು ಎನ್ನುತ್ತಾಳೆ ಜೆಸಿಂತಾ. ಆಗಿನಿಂದ ಗಂಜಿಯನ್ನೂ ಮುಟ್ಟಿಲ್ಲ. ಇವತ್ತು ಬೆಳಿಗ್ಗೆ ಪ್ರಿನ್ಸಿಯೂ ತಟ್ಟೆ ಸರಿಸಿದಳು. ನಿಮ್ಮನ್ನು ಕೋರ್ಟಿಗೆ ಕರೆದೊಯ್ದದ್ದು ಯಾವ ದಿನ ಎಂದು ಇಲ್ಲಿ ಯಾರಿಗೂ ತಿಳಿಯದು. ಅವಳು ತಿಂದದ್ದು ಗುರುವಾರ. ಬುಧವಾರವೇ ಕರೆದೊಯ್ದರು ಎಂದು ಅವಳಿಗೊಂದು ಕಾಗದ ಬರೆ. ಬುಧವಾರ ಅಲ್ಲದಿದ್ದರೂ ಬುಧವಾರ ಎಂದೇ ಬರೆ. ನಿನ್ನ ಕೈಬರಹದಲ್ಲೇ ಇರಲಿ, ನಾನು ಹೇಳಿದೆನೆಂದು ಗೊತ್ತಾಗಬಾರದು. ಸುಳ್ಳಾದರೆ ಅದರ ಪಾಪನಿವೇದನೆಯನ್ನು ನಾನು ಮಾಡಿಕೊಳ್ಳುತ್ತೇನೆ.