ಎಂಟನೇ ವಾರದ ನಂತರ

ಮಾರ್ಚ್ ೪, ಬೆಳಿಗ್ಗೆ ೭
ಬೂಟಿನ ಲೇಸ್ ಕಟ್ಟಿ ಆಯಿತು. ಟೂಲ್ ಬ್ಯಾಗ್ ಬಾಗಿಲ ಬಳಿ. ಹತ್ತು ದಿನದ ರಜೆ ಮುಗಿದು ಇವತ್ತು ಮತ್ತೆ ಕೆಲಸಕ್ಕೆ. ಎಂಟು ವಾರದ ಬಸುರು ಹೋಯಿತು. ಸ್ಕ್ಯಾನ್ ಮಾಡಿದವಳು ಹಾಗೆನ್ನಲಿಲ್ಲ, ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡಳು, ಅಷ್ಟೇ.
ಅತ್ತೆ ಬ್ಯಾಗನ್ನೇ ನೋಡುತ್ತಿದ್ದಾರೆ. ಬಾಯಿ ಯಾಕೆ ಬೇಕು, ಕಣ್ಣೇ ಇದೆಯಲ್ಲ...

ಅದೇ ದಿನ, ಸಂಜೆ
ಸೂಪರ್‌ವೈಸರ್ ನನ್ನನ್ನು ಶಾಫ್ಟಿನಿಂದ, ಲಿಫ್ಟ್ ಓಡಾಡುವ ಬಾವಿಯೊಳಗಿನ ಕೆಲಸದಿಂದ, ತೆಗೆದಿದ್ದಾರೆ. ಹನ್ನೊಂದು ವರ್ಷ ಲಿಫ್ಟ್ ರಿಪೇರಿ ಮಾಡಿದವಳಿಗೆ ಫೋನ್ ಎತ್ತುವ ಕುರ್ಚಿ. ನಿಮ್ಮ ಒಳ್ಳೆಯದಕ್ಕೇ, ಮುಂದೆ ಮತ್ತೆ ಆಗಬೇಕಲ್ಲ ಎಂದರು. ನನ್ನ ಹೊಟ್ಟೆ ಅವರ ಡ್ಯೂಟಿ ಪಟ್ಟಿಗೆ ಯಾವಾಗ ಸೇರಿತು?
ದಿನವಿಡೀ ಕಂಪ್ಲೇಂಟ್ ಬರೆದುಕೊಂಡೆ. ಒಬ್ಬಾಕೆ ಮೂರು ಮತ್ತು ನಾಲ್ಕನೇ ಮಹಡಿಯ ನಡುವೆ ಸಿಕ್ಕಿಕೊಂಡಿದ್ದಳು. ನನ್ನದೂ ಅದೇ ವಿಳಾಸ ತಾಯಿ ಎನ್ನಬೇಕೆನಿಸಿತು.

ಮಾರ್ಚ್ ೯
ಊಟದ ಹೊತ್ತಿಗೆ ಅತ್ತೆ ಕೊನೆಗೂ ಆಡಿದರು. ಭಾರ ಎತ್ತಿ, ಏಣಿ ಹತ್ತಿ ಮಾಡಿದರೆ ಹೊಟ್ಟೆಯಲ್ಲಿದ್ದದ್ದು ನಿಲ್ಲುತ್ತದೆಯೇ ಎಂದು. ಗಂಡ ತಟ್ಟೆಯಲ್ಲಿ ಏನೋ ಹುಡುಕುತ್ತಿದ್ದ. ಅವನಿಗೆ ಅತ್ತ ದರಿ ಇತ್ತ ಪುಲಿ, ಗೊತ್ತು. ಆದರೆ ನಾನು ಎರಡೂ ಅಲ್ಲ — ಹೆಂಡತಿ.
ನಿಜ ಬರೆಯುತ್ತೇನೆ. ಅದು ಹೋದ ವಾರ ಲಿಫ್ಟ್ ಮೋಟಾರಿನ ಕವರ್ ಒಬ್ಬಳೇ ಎತ್ತಿದ್ದೆ. ದಿನಕ್ಕೆ ನೂರು ಸಲ ನೆನಪಾಗುತ್ತದೆ. ಮೂವತ್ತೈದು ನನಗೆ. ಇನ್ನೊಂದೂ ನಿಲ್ಲದಿದ್ದರೆ?
ಸಾಕು. ನಾಳಿದ್ದು ಡಾಕ್ಟರ ಹತ್ತಿರ ಹೋಗುತ್ತೇನೆ. ಅತ್ತೆಯನ್ನೂ ಕರೆದುಕೊಂಡೇ.

ಮಾರ್ಚ್ ೧೧
ಬರುವುದಿಲ್ಲ ಎಂದು ಎರಡು ಸಲ ಹೇಳಿ, ನನಗಿಂತ ಮೊದಲು ಚಪ್ಪಲಿ ಮೆಟ್ಟಿದ್ದರು. ಕವರಿನ ವಿಷಯ ಅವರೆದುರೇ ಕೇಳಿದೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಇಷ್ಟು ಬೇಗ ಹೋಗುವವು ಬಹುಪಾಲು ಮೊದಲಿನಿಂದಲೇ ಸರಿಯಾಗಿ ಕೂಡಿಕೊಳ್ಳದವು, ಎತ್ತಿದ್ದರಿಂದ ಅಲ್ಲ, ಹತ್ತಿದ್ದರಿಂದ ಅಲ್ಲ ಎಂದರು. ಒಂದು ಸಲ ಹೀಗಾದ ಹೆಚ್ಚಿನವರಿಗೆ ಮುಂದೆ ಚೆನ್ನಾಗಿಯೇ ಆಗುತ್ತದಂತೆ. ವಯಸ್ಸಿನ ಮಾತನ್ನೂ ಮುಚ್ಚಿಡಲಿಲ್ಲ. ಆರು ತಿಂಗಳಲ್ಲಿ ನಿಲ್ಲದಿದ್ದರೆ ಬನ್ನಿ ಎಂದರು.
ಏಳುವಷ್ಟರಲ್ಲಿ ಅತ್ತೆ ಕೇಳಿದರು. "ನಲವತ್ತು ವರ್ಷದ ಹಿಂದಿಂದೂ ಹಾಗೇನಾ, ಡಾಕ್ಟ್ರೇ?"
"ಯಾರದ್ದು?"
"ನಂದು. ಹಾಸಿಗೆ ಸುರುಳಿ ಎತ್ತಿದ್ದೆ. ಅದಕ್ಕೇ ಹೋಯ್ತು ಅಂದ್ರು ಎಲ್ರೂ."
"ನಿಮ್ದೂ ಹಾಗೇ ಇರ್ಬೇಕು, ಅಮ್ಮ. ನೀವೇನೂ ತಪ್ಪು ಮಾಡಿಲ್ಲ."
ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತರು. ಇಳಿಯುವಾಗ ನನ್ನ ಕೈ ಹಿಡಿದರು. ಮೆಟ್ಟಿಲೇನೂ ಎತ್ತರವಿರಲಿಲ್ಲ.

ಮಾರ್ಚ್ ೧೨
ಸೂಪರ್‌ವೈಸರ್ ಎದುರು ನಿಂತೆ. ಕೂರಲಿಲ್ಲ. "ಬಸುರಾದ್ರೆ ನಾನೇ ಬಂದು ಹೇಳ್ತೀನಿ. ಏನು ಬಿಡ್ಬೇಕು ಅಂತ ಡಾಕ್ಟರ್ ಹೇಳ್ತಾರೆ. ಅಲ್ಲೀವರೆಗೆ ನನ್ನ ಹೆಸರು ಶಾಫ್ಟಿನ ಪಟ್ಟೀಲಿರ್ಲಿ."
ಮೇಲಿನವರನ್ನು ಕೇಳಬೇಕು ಎಂದರು. ಕೇಳಿ, ಇಲ್ಲೇ ನಿಂತಿರುತ್ತೇನೆ ಎಂದೆ.
ಸೋಮವಾರದಿಂದ ಶಾಫ್ಟ್.

ಜೂನ್ ೩
ಮತ್ತೆ ಮುಟ್ಟು. ಮೂರನೇ ತಿಂಗಳು. ನಿಲ್ಲಿಸಿದ ಲಿಫ್ಟಿನ ತಲೆಯ ಮೇಲೆ ಕೂತು ಅತ್ತೆ. (ಈ ಪದಕ್ಕೆ ನಮ್ಮ ಮನೆಯಲ್ಲಿ ಎರಡು ಅರ್ಥ; ಇವತ್ತು ಒಂದೇ.) ಆಮೇಲೆ ಕೇಬಲ್ಲಿಗೆ ಗ್ರೀಸ್ ಹಚ್ಚಿ ಕೆಳಗಿಳಿದೆ.
ಗಂಡ, ಅವತ್ತು ಊಟಕ್ಕೆ ಕೂತಾಗ ತಾನು ಮಾತಾಡಬೇಕಿತ್ತು ಎಂದ. ಹೌದು, ಆಡಬೇಕಿತ್ತು ಎಂದೆ. ಸಮಾಧಾನ ಮಾಡಲು ಹೋಗಲಿಲ್ಲ. ತಾನೇ ಸುಧಾರಿಸಿಕೊಳ್ಳಲಿ.

ಆಗಸ್ಟ್ ೧೯
ಟೆಸ್ಟ್ ಪಟ್ಟಿಯಲ್ಲಿ ಎರಡು ಗೆರೆ. ಭಯ ಓಡಿ ಬಂತು. ಖುಷಿ ಏದುಸಿರು ಬಿಡುತ್ತಾ ಹಿಂದೆ. ಸೂಪರ್‌ವೈಸರಿಗೆ ನಾನೇ ಹೋಗಿ ಹೇಳಿದೆ.

ಸೆಪ್ಟೆಂಬರ್ ೫, ಬೆಳಿಗ್ಗೆ ೧೦.೪೦
ಸ್ಕ್ಯಾನಿಗೆ ಕಾಯುತ್ತಿದ್ದೇನೆ. ಒಳಗೆ ಹೋಗುವ ಮೊದಲೇ ಬರೆದಿಡುತ್ತೇನೆ, ಆಮೇಲೆ ಯಾರೂ ತಿದ್ದಬಾರದು, ನಾನೂ ತಿದ್ದಬಾರದು: ಇದು ನಿಂತರೂ ನಿಲ್ಲದಿದ್ದರೂ ತಪ್ಪು ನನ್ನದಲ್ಲ. ನಿಲ್ಲದಿದ್ದರೆ ಅಳುತ್ತೇನೆ, ಮತ್ತೆ ಬೇಕು ಎನ್ನುತ್ತೇನೆ. ಬೇಕು ಎನ್ನಲು ನನಗೆ ನಾಚಿಕೆಯಿಲ್ಲ. ನಿಂತರೆ —
ಕರೆದರು. ಗಂಡ ಆಗಲೇ ಎದ್ದು ನಿಂತಿದ್ದಾನೆ.