ಇಡಗುಂಜಿಯ ಆಣೆ

ಫೆಬ್ರವರಿ 4, 2008. ಸೋಮವಾರ

ಇವತ್ತೂ ಕುಮಟೆಯಿಂದ ಹೊನ್ನಾವರದವರೆಗೆ ಬಸ್ಸಿನಲ್ಲಿ ನಿಂತೇ. ಮೊಣಕಾಲು ಹೇಳಿದ ಮಾತು ಕೇಳುವುದಿಲ್ಲ. ಗಂಡನ ಕೈಲಿ ಹೊಡೆತ ತಿಂದವರಿಗೆ ಅಲ್ಲೊಂದು ಕೇಂದ್ರ. ಅದರಿಂದ ನಿಜಕ್ಕೂ ಉಪಯೋಗವಾಗಿದೆಯೇ ಅಂತ ತಿಂಗಳ ಕೊನೆಗೆ ಹಣ ಕೊಡುವವರಿಗೆ ನಾನು ರಿಪೋರ್ಟು ಕೊಡಬೇಕು. ರಿಪೋರ್ಟು ಕೆಟ್ಟದಾದರೆ ಗ್ರ್ಯಾಂಟು ನಿಲ್ಲುತ್ತದೆ. ಭಟ್ಕಳದ ಕೇಂದ್ರದ ರಿಪೋರ್ಟು ಹೇಗೋ ಮುಗಿಯಿತು. ಇದೊಂದು ಮುಗಿದರೆ ಸಾಕು.

ಇಲ್ಲಿ ಪರಮೇಶ್ವರಿ. ಕೌನ್ಸೆಲರು, ಕ್ಲಾರ್ಕು, ಕಸ ಗುಡಿಸುವವಳು — ಎಲ್ಲ ಅವಳೇ. ಅವಳದ್ದೊಂದು ಉಪಾಯ: ಗಂಡ ಹೆಂಡತಿ ಇಬ್ಬರನ್ನೂ ಇಡಗುಂಜಿಗೆ ಕರೆದೊಯ್ದು, ಇನ್ನು ಹೊಡೆಯುವುದಿಲ್ಲ ಅಂತ ಗಣಪತಿ ಎದುರು ಗಂಡನಿಂದ ಆಣೆ ಮಾಡಿಸುವುದು.

"ಪೋಲೀಸ್ರಿಗೆ ಯಾರು ಹೆದರ್ತಾರೆ ಅಕ್ಕೋರೆ? ದೇವ್ರಿಗೆ ಹೆದರ್ತಾರೆ. ಆಣೆ ಆದ ಮೇಲೆ ಒಬ್ಳೂ ತಿರುಗಿ ದೂರು ತರ್ಲಿಲ್ಲ, ಬೇಕಾರೆ ನೋಡಿ."

ಶಾಲೆಯಲ್ಲಿ ಕಲಿಸುವುದು ಬಿಟ್ಟು ಎಷ್ಟು ವರ್ಷವಾದರೂ ಎಲ್ಲರಿಗೂ ನಾನು ಅಕ್ಕೋರೇ. ಯಶಸ್ಸು ಅಂತ ಬರೆದುಕೊಂಡೆ. ಖುಷಿಯೂ ಆಯಿತು, ಸುಳ್ಳೇಕೆ.

ಫೆ. 6

ಕರ್ಕಿ. ದುರ್ಗಿಯ ಮನೆ. ಇವಳ ಗಂಡ ಮಾದೇವ ಆಣೆ ಮಾಡಿದ್ದು ಹೋದ ವರ್ಷ. ಗಾರೆ ಕೆಲಸಕ್ಕೆ ಹೋಗಿದ್ದ. ಅತ್ತೆ ಬಾಗಿಲಲ್ಲೇ ಕೂತು ಹೂ ಕಟ್ಟುತ್ತಿದ್ದಳು, ಕಿವಿ ಪೂರ್ತಿ ನಮ್ಮ ಕಡೆ.

"ಈಗ ಹೇಗಿದ್ದೀಯೆ?"

"ಎಂತಾ ತ್ರಾಸಿಲ್ಲ ಅಕ್ಕೋರೆ. ದೇವ್ರ ದಯೆ."

ನೀರಿನ ತಂಬಿಗೆಯನ್ನು ಎಡಗೈಯಲ್ಲಿ ಕೊಟ್ಟಳು. ಮನೆಗೆ ಬಂದವರಿಗೆ ನಮ್ಮಲ್ಲಿ ಯಾರು ಎಡಗೈಯಲ್ಲಿ ಕೊಡುತ್ತಾರೆ? ಬಲಗೈ ಸೆರಗಿನೊಳಗೇ ಇತ್ತು. ಅತ್ತೆ ನೋಡಿದಳು, ಬೈಯಲಿಲ್ಲ.

ಮಗಳು ಧನ್ಯಾ ಶಾಲೆಯಿಂದ ಬಂದಳು. ಮೊದಲು ಮೆಟ್ಟಿಲ ಬಳಿಯ ಚಪ್ಪಲಿಗಳನ್ನು ನೋಡಿ, ಆಮೇಲೆ ಒಳಗೆ ಕಾಲಿಟ್ಟಳು.

ಫೆ. 16

ಇಷ್ಟು ದಿನ ಏನೂ ಬರೆದಿಲ್ಲ. ರಿಪೋರ್ಟೂ ಇಲ್ಲ. ಆ ಎಡಗೈ ತಲೆಯಿಂದ ಹೋಗುತ್ತಿಲ್ಲ.

ಇವತ್ತು ಹೊನ್ನಾವರ ಬಸ್‌ಸ್ಟ್ಯಾಂಡಿನಲ್ಲಿ ದುರ್ಗಿ. ಒಬ್ಬಳೇ. ಕೈಗೆ ಏನಾಯಿತು ಅಂತ ಕೇಳಿದೆ.

"ಅದೊಂದು ಕೇಳ್ಬೇಡಿ ಅಕ್ಕೋರೆ. ಅವ್ರು ಆಣೆ ಮುರಿದ್ರು ಅಂತ ನನ್ನ ಬಾಯಿಂದ ಬಂದ್ರೆ ದೋಷ ಧನ್ಯಾಗೆ ತಟ್ತದೆ. ಅತ್ತೆ ಹೇಳಿದ್ದಾರೆ. ನಾ ಸುಮ್ನಿದ್ರೆ ದೇವ್ರೂ ಸುಮ್ನಿರ್ತಾನೆ."

ಬಸ್ಸು ಬಂತು, ಹತ್ತಿ ಹೋದಳು.

ಅದಕ್ಕೇ ಒಬ್ಬಳೂ ತಿರುಗಿ ಬಂದಿಲ್ಲ! ಗಂಡಂದಿರು ಹೊಡೆಯುವುದು ಬಿಟ್ಟಿಲ್ಲ, ಇವರು ಹೇಳುವುದು ಬಿಟ್ಟಿದ್ದಾರೆ. ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಿಲ್ಲ.

ಫೆ. 18. ಮಧ್ಯಾಹ್ನ

ಪರಮೇಶ್ವರಿಗೆ ಹೇಳಿದೆ. ಸ್ಟವ್ ಮೇಲಿನ ಚಹಾ ಉಕ್ಕಿ ಹೋಯಿತು, ಅವಳು ಏಳಲಿಲ್ಲ.

"ಎಂತ ಮಾಡಿ ಹಾಕ್ದೆ ಅಕ್ಕೋರೆ ನಾನು..."

ದೋಷಗೀಷ ಏನೂ ಇಲ್ಲ ಅಂತ ದುರ್ಗಿಗೆ ತಿಳಿಸಿ ಹೇಳೋಣ ಅಂದೆ.

"ನೀವು ಹೇಳಿದ್ರೆ ಅವ್ಳು ನಂಬೂದಿಲ್ಲ. ಇಡಗುಂಜಿಗೇ ಹೋಗಿ ತಪ್ಪುಕಾಣಿಕೆ ಹಾಕುವಾ. ಆಣೆ ಮಾಡಿಸಿದ್ದು ನಾನು, ಬಿಡಿಸೂದೂ ನಾನೇ."

ಇದನ್ನೆಲ್ಲ ಬರೆದರೆ ಕೇಂದ್ರ ಮುಚ್ಚುತ್ತದೆ. ಬರೆಯದಿದ್ದರೆ ಇನ್ನಷ್ಟು ದುರ್ಗಿಯರು. ಸಾಕಾಗಿದೆ ನನಗೆ.

ಫೆ. 26. ಮಂಗಳವಾರ, ಸಂಜೆ

ಇಡಗುಂಜಿ ಆಯಿತು. ಹರಕೆ ಇದೆ ಅಂತ ಅತ್ತೆಗೆ ಹೇಳಿ ದುರ್ಗಿ ಬಂದಿದ್ದಳು, ಧನ್ಯಾ ಜೊತೆಗೆ.

ಪರಮೇಶ್ವರಿ ಕಾಣಿಕೆ ಹಾಕಿ, ಸುತ್ತ ಜನ ಇದ್ದರೂ ಲೆಕ್ಕಿಸದೆ ಗಟ್ಟಿಯಾಗಿ ಅಂದಳು — "ಸ್ವಾಮಿ, ಆಣೆ ಮಾಡಿಸಿದವ್ಳು ನಾನು. ದೋಷ ಇದ್ರೆ ನನ್ನ ತಲೆ ಮೇಲೆ ಹಾಕು. ಈ ಕೂಸಿಗೆ ಬೇಡ." ಅಡ್ಡಬಿದ್ದಳು. ದೇವರ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೂ ಕಣ್ಣು ತುಂಬಿತು.

ಹೊರಗೆ ಬಂದು ಚಪ್ಪಲಿ ಮೆಟ್ಟುತ್ತಾ ದುರ್ಗಿ ಅಂದಳು, "ಹೊಡೀತಾರೆ ಅಕ್ಕೋರೆ. ಆಣೆ ಆದ ವಾರದಿಂದ್ಲೇ." ಧನ್ಯಾಳ ಕೈ ಹಿಡಿದುಕೊಂಡು, "ನಾ ಇನ್ನು ಆ ಮನೆಗೆ ಹೋಗೂದಿಲ್ಲ."

ನಾವಿಬ್ಬರೂ ಇದನ್ನು ಯೋಚಿಸಿಯೇ ಇರಲಿಲ್ಲ. ಕೇಂದ್ರ ಐದಕ್ಕೆ ಮುಚ್ಚುತ್ತದೆ. ಮಲಗಲು ಅಲ್ಲೊಂದು ಚಾಪೆಯೂ ಇಲ್ಲ. ಪರಮೇಶ್ವರಿಯ ಮನೆ ಮಾದೇವನಿಗೆ ಗೊತ್ತು. ಇಬ್ಬರೂ ನನ್ನ ಮುಖ ನೋಡಿದರು.

ರಿಪೋರ್ಟಿನಲ್ಲಿ ಆಣೆಯ ವಿಷಯ ಬರೆಯುತ್ತೇನೆ, ಮುಚ್ಚಿಡುವುದಿಲ್ಲ. ಅದರ ಕೆಳಗೇ — ಕೇಂದ್ರ ಮುಚ್ಚಬೇಡಿ, ಒಳಗಿನಿಂದ ಚಿಲಕ ಹಾಕುವಂಥ ಒಂದು ಕೋಣೆ ಕೊಡಿ.

ತಾಯಿ ಮಗಳನ್ನು ಕುಮಟೆಗೆ, ನನ್ನ ಮನೆಗೇ ಕರೆತಂದೆ. ನನ್ನ ಅವ್ವ ಇದ್ದ ಕೋಣೆಯ ಪೇಪರ್ ರಾಶಿ ಸರಿಸಿ ಹಾಸಿಗೆ ಹಾಸಿದ್ದಾಯಿತು. ದುರ್ಗಿ ಬಚ್ಚಲಲ್ಲಿ ಮುಖ ತೊಳೆಯುತ್ತಿದ್ದಾಳೆ. ಧನ್ಯಾ ಬಾಗಿಲಲ್ಲೇ ನಿಂತಿದ್ದಾಳೆ. ತನ್ನ ಚಪ್ಪಲಿ, ಅಮ್ಮನ ಚಪ್ಪಲಿ ಎರಡು ಜೊತೆಯನ್ನೂ ಎದೆಗೆ ಅವುಚಿಕೊಂಡು.

"ಅಕ್ಕೋರೆ, ಇದ್ನ ಒಳಗೆ ಇಡ್ಲಾ? ಹೊರಗಿದ್ರೆ ಅಪ್ಪಗೆ ಕಾಣ್ತದೆ."

ಅಪ್ಪ ಕುಮಟೆವರೆಗೆ ಬರುವುದಿಲ್ಲ ಮಗಾ ಅನ್ನಬೇಕಿತ್ತು. ಒಳಗೇ ಇಡು ಅಂದೆ. ಗೇಟಿನ ಬೀಗ ಎಲ್ಲಿಟ್ಟೆ —